ಹಂಚಿನಿಂದಿಳಿದ ಮೊದಲ ರೊಟ್ಟಿ

ತಾಂಬಾ ಊರಿನ ಗ್ರಂಥಾಲಯ ನೋಡಿಕೊಳ್ಳುವ ಸುನಂದಾಳಿಗೆ ಇಂಡಿ ಪಟ್ಟಣದ ಓದುಗರ ಬಳಗದವರು ಫೋನ್ ಮಾಡಿ, "ಸಿಂದಗಿ ಅಬಿದಾ ಮೇಡಂ ಅವರ ಹೊಸ ಕವನ ಸಂಕಲನದ ಮ್ಯಾಲೆ ಓದುಗರಾಗಿ ನೀವೂ ನಾಕ್ ಮಾತಾಡಬೇಕ್ರಿ" ಅಂದಾಗ ಆಕೆ ಹೂಂ ಅಂದುಬಿಟ್ಟಳು. ಹೂಂ ಅನ್ನುವುದೇನು ಮಹಾ! ಫೋನ್ ಇಟ್ಟ ಮೇಲೆ ಶುರುವಾಯಿತು ನೋಡಿ ಪೇಚಾಟ.

ಪುಸ್ತಕವನ್ನಂತೂ ಆಕೆ ಓದಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು, ರೊಟ್ಟಿ ಬಡಿಯುತ್ತಲೇ ಓದಿದ್ದಳು. ಅದರಲ್ಲೊಂದು ಕವಿತೆ. ಮನೆಮಂದಿಗೆಲ್ಲ ರೊಟ್ಟಿ ಮಾಡಿ ಹಾಕಿದ ಹೆಂಗಸೊಬ್ಬಳು ಕೊನೆಗೆ ಹಿಟ್ಟು ನಾದುವ ಕೊಣಮಿಗೆಗೆ ಅಂಟಿದ ಹಿಟ್ಟನ್ನು ಕೆರೆದು, ಅಂಗೈಯಗಲದ ರೊಟ್ಟಿ ಮಾಡಿ, ನಿಂತುಕೊಂಡೇ ತಿನ್ನುತ್ತಾಳೆ. ಅದನ್ನು ಓದುವಾಗ ಸುನಂದಾಳ ಕೈಯಲ್ಲಿದ್ದದ್ದೂ ಅಂಥದೇ ರೊಟ್ಟಿ, ಅದೂ ಒಂದು ಕಡೆ ಕರಕಲು. ಆಕೆಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಹಂಚಿನ ಮೇಲೆ ಪೂರಿಯಂತೆ ಉಬ್ಬಿದ ಮೊದಲ ರೊಟ್ಟಿಯನ್ನು ಗಂಡನ ತಾಟಿಗೆ ಹಾಕಲಿಲ್ಲ. ತನ್ನ ತಾಟಿಗೆ ಹಾಕಿಕೊಂಡಳು. ಒಲೆ ಸಣ್ಣ ಮಾಡಿ, ಬೆಣ್ಣೆ ಸವರಿ, ಖಾರದ ಶೇಂಗಾ ಹಿಂಡಿ ಹಾಕಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ನಿಂಬೆ ತೋಟಕ್ಕೆ ಹೊರಟಿದ್ದ ಗಂಡ ಕಲ್ಮೇಶ ಬಾಗಿಲಲ್ಲೇ ನಿಂತು, "ಯಾಕ, ನಿನ್ನೆ ಉಪವಾಸ ಇತ್ತೇನು?" ಅಂದ. ಪಾಪ, ಅವನಿಗೆ ಬೇರೆ ಕಾರಣವೇ ಹೊಳೆಯಲಿಲ್ಲ. ಅತ್ತೆ ಲಕ್ಕವ್ವ ಸೊಸೆಯನ್ನೂ ತಾಟನ್ನೂ ನೋಡಿದಳು. ಇನ್ನೇನು ಬೈಗಳ ಬಂತು ಅಂತ ಸುನಂದಾ ತಲೆ ತಗ್ಗಿಸಿದರೆ, ಮುದುಕಿ ಎದುರಿಗೆ ಕೂತು, "ನನಗೂ ಒಂದು ಹಾಕು, ಬಿಸೀದು," ಅಂದಳು.

ಇದನ್ನೆಲ್ಲ ವೇದಿಕೆ ಮೇಲೆ ಹೇಳಲಿಕ್ಕಾಗುತ್ತದೆಯೇ? ಸಾಹಿತ್ಯ ಅಂದರೆ ಸಾಹಿತ್ಯದಂತಿರಬೇಕು. ಸುನಂದಾ ಪುಸ್ತಕದ ಮುನ್ನುಡಿ ತೆರೆದಳು. 'ಸ್ತ್ರೀ ಸಂವೇದನೆಯ ಅನನ್ಯ ಅಭಿವ್ಯಕ್ತಿ', 'ರೂಪಕಗಳ ನವನವೀನ ಲೋಕ' ಮುಂತಾದ ಗಟ್ಟಿ ಗಟ್ಟಿ ಮಾತು ಹೆಕ್ಕಿ, ಬಾಯಿಪಾಠ ಮಾಡಿ ಇಂಡಿಯ ಬಸ್ಸು ಹತ್ತಿದಳು. ಕಲ್ಮೇಶ, ಲಕ್ಕವ್ವ ಇಬ್ಬರೂ ಜೊತೆಗೆ ಬಂದರು. ಸೊಸೆ ಮೈಕಿನ ಮುಂದೆ ನಿಲ್ಲುವುದನ್ನು ಮುದುಕಿ ನೋಡದೆ ಬಿಟ್ಟಾಳೆಯೇ!

ಸಭೆಯಲ್ಲಿ ಸುನಂದಾಳಿಗಿಂತ ಮೊದಲು ನಿವೃತ್ತ ಹೆಡ್‌ಮಾಸ್ತರ ಗುರುನಾಥ ಎದ್ದರು. "ಸ್ತ್ರೀ ಸಂವೇದನೆಯ ಅನನ್ಯ ಅಭಿವ್ಯಕ್ತಿ..." ಸುನಂದಾ ತಟ್ಟನೆ ತಲೆ ಎತ್ತಿದಳು. "ರೂಪಕಗಳ ನವನವೀನ ಲೋಕ..." ಅಯ್ಯೋ ಶಿವನೇ! ಇವರೂ ಮುನ್ನುಡಿಗೇ ಕೈ ಹಾಕಿದ್ದಾರೆ! ಮಾಸ್ತರರು ಒಂದು ಸಾಲನ್ನೂ ಉಳಿಸಲಿಲ್ಲ. ವೇದಿಕೆಯ ಮೇಲೆ ಅಬಿದಾ ಮಾತ್ರ ಮಡಿಲಲ್ಲಿದ್ದ ಸನ್ಮಾನದ ಶಾಲಿನ ಅಂಚು ತಿರುವುತ್ತ ಕೂತಿದ್ದಳು. ಇಷ್ಟು ಬರೆದೂ ಒಬ್ಬರೂ ಒಳಗೆ ಹೋಗಿ ಓದಲಿಲ್ಲವಲ್ಲ ಅನ್ನುವಂತಿತ್ತು ಆ ಮುಖ. ಅದನ್ನು ನೋಡಿ ಸುನಂದಾಳಿಗೆ ಪಾಪ ಅನಿಸಿತು.

ಹೆಸರು ಕೂಗಿದರು. ಮೈಕಿನ ಮುಂದೆ ನಿಂತಾಗ ಎದುರಿನ ಸಾಲಿನಲ್ಲಿ ಗಂಡ, ಅತ್ತೆ. ಅವರ ಸುತ್ತ ಮುಖ ಪರಿಚಯದ ಅರ್ಧ ಇಂಡಿ. ಮನೆಯ ಮಾತು ಆಡಿದರೆ ಮನೆಯವರ ಮರ್ಯಾದೆ ಹೋಗುತ್ತದೆ, ಆಡದಿದ್ದರೆ ಆ ಕವಿತೆಯದು.

"ನನಗ ಭಾಷಣ ಬರಂಗಿಲ್ರಿ," ಅಂದಳು ಕೊನೆಗೆ. "ಮೇಡಂ ಅವರ ಕವಿತಾ ಓದಿದ ಮರುದಿನ ಮೊದಲನೇ ರೊಟ್ಟಿ ನಾನ ಉಂಡೇನ್ರಿ. ಕುಂತು ಉಂಡೇನ್ರಿ. ಲಗ್ನಾಗಿ ಬಂದಾಗಿಂದ ನಮ್ಮ ಮನ್ಯಾಗ ಬಿಸಿ ರೊಟ್ಟಿ ರುಚಿ ಹೆಂಗಿರತೈತಿ ಅಂತ ನನಗ ಗೊತ್ತ ಇರಲಿಲ್ಲ. ಇದ ನನ್ನ ಅಭಿಪ್ರಾಯ ನೋಡ್ರಿ."

ಕಲ್ಮೇಶ ಚಪ್ಪಲಿ ನೋಡಿಕೊಳ್ಳತೊಡಗಿದ. ಆಗ ಲಕ್ಕವ್ವ ಕೂತಲ್ಲಿಂದಲೇ ಗಟ್ಟಿಯಾಗಿ, "ಎರಡನೇದು ನಾ ಉಂಡೆ!" ಅಂದಳು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು, ಕಲ್ಮೇಶನೂ ನಕ್ಕ. ಸುನಂದಾಳಿಗೆ ಹೋದ ಜೀವ ಬಂದಂತಾಯಿತು.

ಅಬಿದಾ ಮಾತ್ರ ನಗಲಿಲ್ಲ. ಎದ್ದು ಬಂದು ಸುನಂದಾಳ ಕೈ ಹಿಡಿದುಕೊಂಡು ಮೈಕಿಗೆ ಕೇಳದಷ್ಟು ಮೆಲ್ಲಗೆ, "ಕವಿತಾ ಬರದೇನಿ ಖರೇ ಅಕ್ಕಾ, ನಾ ಇನ್ನೂ ಕಡೀಗೇ ಉಣ್ತೇನಿ," ಅಂದಳು. ಆಕೆಯ ಕಣ್ಣು ತುಂಬಿತ್ತು.

ಕೆಳಗಿಳಿದು ಸುನಂದಾ ಅದನ್ನು ಅತ್ತೆಗೆ ಹೇಳಿದಳು. ಲಕ್ಕವ್ವ ನೇರ ಅಬಿದಾಳ ಹತ್ತಿರ ಹೋದಳು. "ಐತಾರ ನಮ್ಮ ಮನಿಗೆ ಬಾ, ಮಗಳ. ಬರಂಗಿಲ್ಲ ಅಂದ್ರ ನಾ ಕೇಳಂಗಿಲ್ಲ."

ಆ ಭಾನುವಾರ ಅಬಿದಾ ಬಂದಳು. ಲಕ್ಕವ್ವ ಆಕೆಯನ್ನು ಒಲೆಯ ಮುಂದೆಯೇ ಕೂರಿಸಿ ತಾಟು ಇಟ್ಟಳು. ಸುನಂದಾ ಮೊದಲ ರೊಟ್ಟಿಯನ್ನು ಹಂಚಿನಿಂದ ನೇರ ಆ ತಾಟಿಗೆ ಹಾಕಿದಳು. ಹೊರಗಿನಿಂದ ಕಲ್ಮೇಶ, "ನಂದು?" ಅಂತ ಕೂಗಿದ.

"ನಿಂದು ಬರತೈತಿ, ಕುಂದ್ರು," ಅಂದಳು ಲಕ್ಕವ್ವ.

ಅಬಿದಾ ರೊಟ್ಟಿ ಮುರಿದಳು. ಮುರಿದವಳೇ ರೂಢಿಯಂತೆ ಅರ್ಧವನ್ನು ಸುನಂದಾಳತ್ತ ಚಾಚಿದಳು. ಸುನಂದಾ ತೆಗೆದುಕೊಳ್ಳಲಿಲ್ಲ, ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು. ಚಾಚಿದ ಕೈ ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಅಬಿದಾ ಅದನ್ನು ಹಿಂದಕ್ಕೆ ತೆಗೆದುಕೊಂಡು, ಬೆಣ್ಣೆ ಹಚ್ಚಿ, ಆ ಅರ್ಧವನ್ನೂ ತಾನೇ ಉಂಡಳು.