ನಾಲ್ಕು ಕಡೆಯ ಟಾರ್ಪಾಲು

ಕಾರ್ಖಾನೆಯಿಂದ ಬಂದ ಮೇಸ್ತ್ರಿ ಸೌದೆ ಅಟ್ಟಿಯ ನಡುವಿನಿಂದ ಒಂದು ದಿಮ್ಮಿ ಎಳೆಸಿ, ಕೊಡಲಿಯಿಂದ ಸೀಳಿ, ಒಳಮೈಗೆ ತೇವ ಅಳೆಯುವ ಮೀಟರಿನ ಎರಡು ಮೊಳೆ ಚುಚ್ಚಿದ. ನೂರಕ್ಕೆ ನಲವತ್ತೆರಡು. ಇನ್ನೊಂದು ಸೀಳಿದ. ನಲವತ್ನಾಲ್ಕು. ಇಪ್ಪತ್ತೈದು ದಾಟಿದರೆ ಬಾಯ್ಲರಿನಲ್ಲಿ ಉರಿಗಿಂತ ಹೊಗೆಯೇ ಹೆಚ್ಚು.

“ಏನಮ್ಮಾ, ಹತ್ತು ತಿಂಗಳಿಂದ ಒಣಗಿಸ್ತಿದೀನಿ ಅಂದ್ರಿ. ಇದು ನಿನ್ನೆ ಕಡಿದ ಹಾಗಿದೆಯಲ್ಲ!”

ಅಂಗಳದ ಯಜಮಾನರ ಸೊಸೆ ದಿಮ್ಮಿಯ ಸೀಳನ್ನು ಮುಟ್ಟಿ ನೋಡಿದಳು. “ಒಂದು ಹನಿ ಬಿದ್ದಿಲ್ಲ ಅಣ್ಣಾ. ನಾಲ್ಕೂ ಕಡೆ ಟಾರ್ಪಾಲು ಕಟ್ಟಿ ಕಾದಿದೀನಿ.”

“ಅದೇ ಎಡವಟ್ಟು. ತಲೆಗೆ ಕೊಡೆ ಹಿಡೀಬೇಕು, ಮೂಗು ಮುಚ್ಚಬಾರ್ದು. ಗಾಳಿ ಆಡದಿದ್ರೆ ಒಳಗಿನ ನೀರು ಎಲ್ಲಿಗೆ ಹೋಗುತ್ತೆ? ಬಿಸಿಲಲ್ಲಿ ಬೆವರಿ, ಆ ಬೆವರನ್ನೇ ವಾಪಸ್ ಕುಡಿದಿದೆ. ನಿಮ್ಮಾವ ಪಕ್ಕಕ್ಕೆ ಒಂದು ಚಿಂದೀನೂ ಕಟ್ಟಿದವರಲ್ಲ. ಹೇಳಲಿಲ್ವಾ?”

ಮಾವ ಹೇಳುವುದೆಲ್ಲಿಂದ! ಹಸಿ ದಿಮ್ಮಿಗಳ ಅಟ್ಟಿ ಕಟ್ಟಿಸಿದ ಮರುವಾರವೇ ಲಕ್ವ ಹೊಡೆದು ಬಲಭಾಗವೂ ಮಾತೂ ಒಟ್ಟಿಗೇ ಬಿದ್ದುಹೋಗಿದ್ದವು. ಗಂಡ ತೀರಿಕೊಂಡ ಮೇಲೆ ಮಾವ-ಸೊಸೆ ಇಬ್ಬರಿಗೂ ಅನ್ನ ಕೊಡುತ್ತಿದ್ದುದು ಈ ಅಂಗಳ, ಈ ಒಬ್ಬ ಗಿರಾಕಿ. ಕಿಟಕಿಯ ಪಕ್ಕದ ಮಂಚದಿಂದ ಮುದುಕರು ದಿನಾ ಎಡಗೈ ಎತ್ತಿ ಅಟ್ಟಿಯತ್ತ ಬೀಸುತ್ತಿದ್ದರು, ಗಂಟಲಲ್ಲಿ ಏನೋ ಉರುಳಿಸುತ್ತಿದ್ದರು. “ಗೊತ್ತಾಯ್ತು ಮಾವ, ನೆನೀತಿದೆ ಅಂತ ತಾನೆ?” ಎಂದು ಉತ್ತರಕ್ಕೂ ಕಾಯದೆ ಅವಳು ಓಡುತ್ತಿದ್ದಳು, ಮತ್ತೊಂದು ಟಾರ್ಪಾಲು ಕಟ್ಟುತ್ತಿದ್ದಳು. ಮುದುಕರ ಕೈಬೀಸು ಜೋರಾದಷ್ಟೂ ಹಗ್ಗ ಬಿಗಿಯಾಗುತ್ತಿತ್ತು. ಎಷ್ಟು ಮಾಡಿದರೂ ಇವರಿಗೆ ಸಮಾಧಾನವಿಲ್ಲ ಎಂದು ಒಮ್ಮೆ ರೇಗಿಯೂ ಇದ್ದಳು.

“ಎರಡು ತಿಂಗಳು ಟೈಮ್ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬಾಯ್ಲರ್ ಕಾಯುತ್ತಾ ತಾಯೀ? ಈ ಚಳಿ, ಈ ಮೋಡಕ್ಕೆ ಆರು ತಿಂಗಳಾದ್ರೂ ಬೇಕು. ನಾವು ಬೇರೆ ಕಡೆ ನೋಡ್ಕೋತೀವಿ.”

ಖಾಲಿ ಲಾರಿ ಬಂದ ದಾರಿಯಲ್ಲೇ ಹಿಂತಿರುಗಿತು.

ಅವಳು ಹುಚ್ಚು ಹಿಡಿದವಳಂತೆ ಕುಡುಗೋಲಿನಿಂದ ಹಗ್ಗಗಳನ್ನು ಕೊಯ್ದಳು. ಟಾರ್ಪಾಲಿನ ಒಳಮೈಯಿಂದ ನೀರಿಳಿದು ತೋಳೆಲ್ಲ ಒದ್ದೆಯಾಯಿತು. ದಿಮ್ಮಿಗಳ ತುಂಬ ಬಿಳಿ ಬೂಷ್ಟು. ಇನ್ನು ಪ್ರಯೋಜನವಿಲ್ಲವೆಂದು ಗೊತ್ತಿದ್ದೂ, ಅಳುತ್ತಲೇ, ಕೊನೆಯ ಗಂಟಿನವರೆಗೂ ಕೊಯ್ದಳು.

ಗಾಳಿ ಅಟ್ಟಿಯ ಸಂದುಗಳಿಗೆ ನುಗ್ಗಿತು. ಅವಳು ಕಿಟಕಿಯತ್ತ ತಿರುಗಿದಳು. ಮುದುಕರು ಬಯಲಾದ ಅಟ್ಟಿಯನ್ನೇ ನೋಡುತ್ತಿದ್ದರು. ಇಷ್ಟು ತಿಂಗಳು ಬೀಸುತ್ತಿದ್ದ ಆ ಎಡಗೈ ಮೆಲ್ಲಗೆ ಹೊದಿಕೆಯ ಮೇಲಿಳಿದು, ಸುಮ್ಮನಾಯಿತು.