ನನ್ನ ಪಾಲಿನ ಕೇಕು

ಕಮಲಾಪುರದ ನಮ್ಮ ಶಾಲೆಯ ಟೀಚರುಗಳೆಲ್ಲ ಒಟ್ಟಾಗಿ ಕಲಬುರಗಿಗೆ ಹೋಗಿ ಕೇಕು ತಿನ್ನುವುದೆಂದು ಮಾತಾಯಿತು. ಅಂಗಡಿ ಆರಿಸುವ ಕೆಲಸ ನನಗೆ ಬಂತು. ನನ್ನನ್ನು ಬಿಟ್ಟರೆ ಯಾರೂ ಮೊಟ್ಟೆ ಮುಟ್ಟುವವರಲ್ಲ. ಹಾಗಾಗಿ ಒಬ್ಬಳೇ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬೇಕರಿಗಳನ್ನೆಲ್ಲ ಸುತ್ತಿ ವಿಚಾರಿಸಿದೆ. ನನ್ನ ಬುರ್ಖಾ ನೋಡಿ ಒಬ್ಬ ಬೇಕರಿಯವನು ನಕ್ಕ.

"ನಿಮಗ್ಯಾಕ್ರೀ ಎಗ್‌ಲೆಸ್?"

"ನನ್ನ ಗೆಳತ್ಯಾರು ಮೊಟ್ಟಿ ತಿನ್ನಂಗಿಲ್ರೀ. ಬ್ಯಾರೆ ಟ್ರೇದಾಗ ಮಾಡ್ತೀರೋ ಇಲ್ಲೋ, ಅಷ್ಟು ಹೇಳ್ರಿ," ಎಂದು ಗದರಿದೆ.

ಬೇರೆ ಟ್ರೇಯಲ್ಲೇ ಮಾಡುತ್ತೇವೆಂದ. ಅದೇ ಅಂಗಡಿಯನ್ನು ಆರಿಸಿದೆ. ಪ್ರೀತಿ ಟೀಚರ್ ಭಾನುವಾರ ಮಧ್ಯಾಹ್ನ ಹೋಗೋಣವೆಂದಳು. ಅಷ್ಟರಲ್ಲಿ ರಂಜಾನ್ ರೋಜಾ ಶುರುವಾಗಿತ್ತು. ಹಗಲೆಲ್ಲ ನನಗೆ ಉಪವಾಸವೆಂದು ಯಾರಿಗಾದರೂ ನೆನಪಾದೀತೆಂದು ಕಾದೆ. ಕೊನೆಗೆ ತಲೆನೋವೆಂದು ಹೇಳಿ ಉಳಿದುಕೊಂಡೆ.

ಸೋಮವಾರ ಊಟದ ಬಿಡುವಿನಲ್ಲಿ ಪ್ರೀತಿ ಒಂದು ಡಬ್ಬಿ ತಂದಿಟ್ಟಳು. "ತಬಸ್ಸುಮ್, ನೀ ಹೇಳಿದ ಅಂಗಡಿ ಭಾಳ ಚಲೋ ಅದ. ನಿನ್ನ ಪಾಲು ತಂದೀನಿ, ಈಗ ತಿನ್ನು."

"ಆಮ್ಯಾಲೆ ತಿಂತೀನಿ," ಎಂದೆ.

ಸಂಜೆ ಅಜಾನ್ ಕೇಳಿದ ಮೇಲೆ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಖರ್ಜೂರ ಬಾಯಿಗಿಟ್ಟು, ಡಬ್ಬಿ ತೆರೆದೆ. ಕ್ರೀಮು ಕರಗಿ ಮುಚ್ಚಳಕ್ಕೆ ಅಂಟಿತ್ತು. ಬೆರಳಿನಿಂದ ಬಳಿದು ತಿಂದೆ. ರುಚಿಯಾಗೇ ಇತ್ತು. ಸಿಟ್ಟು ಬಂದದ್ದು ಅದಕ್ಕೇ.