ಕೆ.ಬಿ. ಸರ್ ಅವರ ಮೊದಲ ಆಟ

ಧಾರವಾಡದ ಕೃಷ್ಣಾಬಾಯಿ ಪುಣೆಯ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಆಮೇಲೆ ಎಂಟು ವರ್ಷ ಅವರನ್ನು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ, ಗುಳಿಗೆ ತಗೊಂಡಿರೇನು ಅನ್ನುವುದನ್ನು ಬಿಟ್ಟರೆ.

ಮೊಮ್ಮಗಳು ಪೂರ್ವಾ ಗೋವಾದ ಕ್ಯಾಸಿನೊಗಳಲ್ಲಿ ಪೋಕರ್ ಆಡುವವರ ಒಂದು ವಾಟ್ಸಾಪ್ ಗುಂಪಿನಲ್ಲಿದ್ದಳು. ಒಂದು ಸಂಜೆ ಅದರಲ್ಲಿ ಬಂದ ಪ್ರಶ್ನೆಯನ್ನು ಸುಮ್ಮನೆ ಗಟ್ಟಿಯಾಗಿ ಓದಿದಳು. ಒಂದೇ ಜಾತಿಯ ನಾಲ್ಕು ಎಲೆ ಸಿಕ್ಕಿವೆ, ಐದನೆಯದು ಬಂದರೆ ಗೆಲುವು, ಮೇಜಿನ ಮೇಲೆ ಇನ್ನೊಂದೇ ಎಲೆ ಬಿಚ್ಚುವುದಿದೆ, ಆಟದಲ್ಲಿ ಇರಬೇಕೋ ಎಲೆ ಬಿಸಾಕಬೇಕೋ? ಅರ್ಧಕ್ಕರ್ಧ ಅವಕಾಶವಿದೆ, ಇರಿ ಎಂದು ಯಾರೋ ಉತ್ತರ ಬರೆದಿದ್ದರು.

ಚವಳಿಕಾಯಿ ಸೋಸಿ ನಾರು ತೆಗೆಯುತ್ತಿದ್ದ ಕೃಷ್ಣಾಬಾಯಿ ಕೈ ನಿಲ್ಲಿಸಿದರು.

"ಅರ್ಧಕ್ಕರ್ಧ ಅಂತ ಬರದಾವ ಯಾರು? ಒಂದು ಜಾತಿಗೆ ಹದಿಮೂರು ಎಲಿ. ನಾಲ್ಕು ಕಂಡಾವ, ಒಂಬತ್ತು ಉಳದಾವ. ಕೈಯಾಗಿನ ಎರಡು, ಮೇಜಿನ ಮ್ಯಾಲಿನ ನಾಲ್ಕು ಬಿಟ್ರ ಕಾಣದ ಎಲಿ ನಲವತ್ತಾರು. ಐದು ಸರ್ತಿ ಆಡಿದ್ರ ಒಮ್ಮೆ ಬರ್ತದ. ಬರಿ, ಈಗಿಂದೀಗ ಬರಿ."

ಪೂರ್ವಾ ಬರೆದಳು. ಕೆಳಗೆ ಕೆ.ಬಿ. ಎಂದು ಸಹಿ ಹಾಕಿದಳು. ಮರುದಿನ ಬೆಳಗಾಗುವಷ್ಟರಲ್ಲಿ ಕೆ.ಬಿ.ಯವರಿಗೆ ಹನ್ನೊಂದು ಪ್ರಶ್ನೆ ಬಂದಿದ್ದವು.

ಮೂರು ತಿಂಗಳಲ್ಲಿ ಕೆ.ಬಿ. ಎಂಬುದು ಕೆ.ಬಿ. ಸರ್ ಆಯಿತು. ಹಾಕಬೇಕಾದದ್ದಕ್ಕಿಂತ ಗೆಲ್ಲುವುದು ನಾಲ್ಕು ಪಟ್ಟಿಗೂ ಹೆಚ್ಚಿದ್ದರೆ ಮಾತ್ರ ಐದನೆಯ ಎಲೆಗೆ ಕಾಯಿರಿ. ಸಿಟ್ಟು ಬಂದಾಗ ಮೇಜು ಬಿಟ್ಟೆದ್ದು ನೀರು ಕುಡಿಯಿರಿ. ಏಳು ಮತ್ತು ಎರಡು ಬಂದರೆ ಯೋಚಿಸದೆ ಬಿಸಾಡಿ, ಅದಕ್ಕಿಂತ ಕೆಟ್ಟ ಎಲೆ ಇಲ್ಲ. ಇಂಥ ಉತ್ತರಗಳನ್ನು ಓದಿದವರು, ಈ ಮನುಷ್ಯ ಜೀವಮಾನವೆಲ್ಲ ಕ್ಯಾಸಿನೊದಲ್ಲೇ ಕಳೆದಿರಬೇಕು ಅಂದುಕೊಂಡರು. ಕೃಷ್ಣಾಬಾಯಿ ಆವರೆಗೆ ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಅವರ ತಂದೆಯ ಮನೆಯಲ್ಲಿ ಇಸ್ಪೀಟಿಗೆ ಹೊಸಿಲು ದಾಟುವ ಅಪ್ಪಣೆ ಇರಲಿಲ್ಲ.

ಕೋಥರೂಡಿನಲ್ಲಿ ಹೋಟೆಲು ಇಟ್ಟಿದ್ದ ಕುಂದಾಪುರದ ಮೋಹನದಾಸ್ ಆ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಗೋವಾದ ಒಂದು ಪಂದ್ಯದಲ್ಲಿ ಮೂರನೆಯವರಾಗಿ ಬಂದರು. ಕೂಡಲೇ ಆಹ್ವಾನ ಕಳಿಸಿದರು. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಹೋಟೆಲಿನ ಮಹಡಿಯಲ್ಲಿ ಐದಾರು ಜನ ಅಭ್ಯಾಸಕ್ಕೆ ಕೂಡುತ್ತೇವೆ, ದುಡ್ಡಿನ ಮಾತಿಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆ, ಸರ್ ಒಮ್ಮೆ ಬರಲೇಬೇಕು. ಏನಾದರೂ ನೆಪ ಹೇಳೋಣ ಎಂದು ಪೂರ್ವಾ ಅಜ್ಜಿಯ ಕೋಣೆಗೆ ಹೋದರೆ ಅಜ್ಜಿ ಇಳಕಲ್ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು.

ಮಹಡಿ ಹತ್ತಿ ಬಂದ ಅಜ್ಜಿ ಮೊಮ್ಮಗಳನ್ನು ನೋಡಿದ ಮೋಹನದಾಸ್, ಇವರ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಮೆಟ್ಟಿಲ ಕಡೆ ಇಣುಕಿದರು. ಯಾರೂ ಬರಲಿಲ್ಲ.

"ಕೆ.ಬಿ. ಸರ್ ಅಂದ್ರೆ ನೀವೇಯಾ ಅಮ್ಮ?"

"ಹೌದ್ರಿ. ಕೂಡ್ಲೇನು? ಮೊಣಕಾಲು ಹಿಡದಾವ."

ಆಟ ಶುರುವಾಯಿತು. ಎರಡನೆಯ ಸುತ್ತಿನಲ್ಲೇ ಕೃಷ್ಣಾಬಾಯಿಗೆ ಇಬ್ಬರು ರಾಜರು ಬಂದರು. ಅದರ ಸಂಭವ ಇನ್ನೂರಿಪ್ಪತ್ತೊಂದರಲ್ಲಿ ಒಂದು ಎಂದು ಅವರು ಎಷ್ಟೋ ಸಲ ಬರೆಸಿದ್ದರು. ಆದರೆ ಆ ಒಂದು ತಮ್ಮ ಕೈಯಲ್ಲೇ ಬಂದು ಕೂತದ್ದು ನೋಡಿ ಅವರಿಗೆ ಹೊಟ್ಟೆಯೊಳಗಿಂದ ನಗು ಬಂತು. ಕೆಮ್ಮಿದಂತೆ ಮಾಡಿದರು. ಸೆರಗು ಬಾಯಿಗಿಟ್ಟರು. ಭುಜ ಕುಣಿಯತೊಡಗಿದವು. ಎಲ್ಲರೂ ಒಬ್ಬೊಬ್ಬರಾಗಿ ಎಲೆ ಬಿಸಾಕಿದರು. ಮುಂದೆ ಇಬ್ಬರು ರಾಣಿಯರು ಬಂದಾಗಲೂ ಹಾಗೆಯೇ ಆಯಿತು. ಒಳ್ಳೆಯ ಎಲೆ ಬಂದರೆ ಅಜ್ಜಿ ನಗುತ್ತಾರೆ, ಇಲ್ಲದಿದ್ದರೆ ಸುಮ್ಮನಿರುತ್ತಾರೆ ಎಂಬುದು ಮೇಜಿಗೆಲ್ಲ ತಿಳಿದುಹೋಯಿತು. ಅಜ್ಜಿಯ ಬಿಲ್ಲೆಗಳು ಕರಗುತ್ತ ಬಂದವು. ಭೋಸರಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ ಓಂಕಾರ್, ಕಣ್ಣು ಕಾಣಿಸಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡೇ ಆಡುವವನು. ಆಜಿ, ನಿಮ್ಮ ಎಲೆ ನಮಗೆಲ್ಲ ಕಾಣುತ್ತಿದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಕೃಷ್ಣಾಬಾಯಿಗೆ ನಾಚಿಕೆಯಾಯಿತು.

ಚಹಾ ಮುಗಿದ ಮೇಲೆ ಅವರಿಗೆ ಬಂದದ್ದು ಏಳು ಮತ್ತು ಎರಡು. ಯೋಚಿಸದೆ ಬಿಸಾಡಿ ಎಂದು ಊರಿಗೆಲ್ಲ ಹೇಳಿದ ಎಲೆ ತಮ್ಮನ್ನೇ ಹುಡುಕಿಕೊಂಡು ಬಂದಿತ್ತು. ಈ ಸಲದ ನಗು ಎಷ್ಟು ಜೋರಾಗಿತ್ತೆಂದರೆ ಕನ್ನಡಕ ಜಾರಿ ಚಹಾದ ಬಸಿಯಲ್ಲಿ ಬಿತ್ತು. ನಗುತ್ತಲೇ ಎಲ್ಲ ಬಿಲ್ಲೆ ಮುಂದೆ ತಳ್ಳಿದರು. ಎರಡು ಎಕ್ಕಗಳೇ ಇರಬೇಕೆಂದು ಎಲ್ಲರೂ ಹಿಂದೆ ಸರಿದರು. ಕೃಷ್ಣಾಬಾಯಿ ಎಲೆ ಬಿಚ್ಚಿ ತೋರಿಸಿದರು. ಮೋಹನದಾಸ್ ಹಣೆ ಚಚ್ಚಿಕೊಂಡರು.

ಅಲ್ಲಿಂದ ಮುಂದೆ ಅವರಿಗೆ ನಗು ನಿಲ್ಲಲೇ ಇಲ್ಲ. ಒಳ್ಳೆಯ ಎಲೆಗೂ ನಗು, ಕೆಟ್ಟ ಎಲೆಗೂ ನಗು, ಎಲೆ ಹಂಚುವ ಮೊದಲೇ ನಗು. ಓದುವುದಕ್ಕೆ ಅದರಲ್ಲಿ ಏನೂ ಉಳಿಯಲಿಲ್ಲ. ಅದು ಮೇಜಿಗೂ ಅಂಟಿತು. ಮೋಹನದಾಸ್ ನಕ್ಕು ನಕ್ಕು ಬಿಕ್ಕಳಿಸುತ್ತ ಎಲ್ಲ ಬಿಲ್ಲೆ ಕಳೆದುಕೊಂಡರು. ಕೊನೆಗೆ ಉಳಿದವರು ಓಂಕಾರ್ ಮತ್ತು ಕೃಷ್ಣಾಬಾಯಿ.

ಕೊನೆಯ ಸುತ್ತಿನಲ್ಲಿ ಅಜ್ಜಿಯ ಕೈಯಲ್ಲಿ ಕೆಂಪು ಆಟೀನು ಜಾತಿಯ ಎಂಟು ಮತ್ತು ಒಂಬತ್ತು ಇದ್ದವು. ಮೇಜಿನ ಮೇಲೆ ಬಿಚ್ಚಿದ ನಾಲ್ಕರಲ್ಲಿ ಎರಡು ಆಟೀನು. ಅವರು ಇದ್ದಬದ್ದ ಬಿಲ್ಲೆಗಳನ್ನೆಲ್ಲ ನೂಕಿದರು.

"ಅಜ್ಜಿ, ನಿನ್ನ ಲೆಕ್ಕದ ಪ್ರಕಾರ ಇದು ತಪ್ಪು," ಎಂದು ಪೂರ್ವಾ ಕಿವಿಯಲ್ಲಿ ಹೇಳಿದಳು.

"ಗೊತ್ತದವಾ. ಒಮ್ಮೆ ತಪ್ಪು ಮಾಡಿ ನೋಡಬೇಕಾಗೇದ."

ಓಂಕಾರ್ ಎದ್ದು ಕುರ್ಚಿ ತಿರುಗಿಸಿ, ಅವರಿಗೆ ಬೆನ್ನು ಹಾಕಿ, ಎರಡೂ ಕಿವಿ ಮುಚ್ಚಿಕೊಂಡು ಅರೆಗಳಿಗೆ ಯೋಚಿಸಿದ. ಹಾಗೇ ಕೂತು, ಸರಿ, ನಾನೂ ಅಷ್ಟೇ ಹಾಕಿದೆ ಅಂದ. ಇಬ್ಬರ ಎಲೆಗಳೂ ತೆರೆದವು. ಅವನದು ಎಕ್ಕಗಳ ಜೋಡಿ. ಈಗ ಕಾಣದ ಎಲೆ ನಲವತ್ತನಾಲ್ಕು, ಅದರಲ್ಲಿ ಆಟೀನು ಒಂಬತ್ತು ಎಂದು ಕೃಷ್ಣಾಬಾಯಿ ತರಗತಿಯಲ್ಲಿ ಹೇಳುವಂತೆ ಹೇಳಿದರು. ಮೂವತ್ತನಾಲ್ಕು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ ಭಿನ್ನರಾಶಿ ಎದೆಯಲ್ಲಿ ಹೀಗೆ ಹೊಡೆದುಕೊಳ್ಳುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮೋಹನದಾಸ್ ಕೊನೆಯ ಎಲೆ ಬಿಚ್ಚಿದರು. ಆಟೀನಿನ ಮೂರು.

ಕೃಷ್ಣಾಬಾಯಿ ಮೊಣಕಾಲು ಮರೆತು ಎದ್ದು ನಿಂತರು. ಓಂಕಾರ್ ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಕ್ಕು ನಕ್ಕು ಅವನಿಗೂ ನೀರು ಬಂದಿತ್ತು. ಬಗ್ಗಿ ಅಜ್ಜಿಯ ಕಾಲು ಮುಟ್ಟಿದ. ಮೋಹನದಾಸ್ ಎಲ್ಲರಿಗೂ ಕಾಯಿಹಾಲಿನ ಪಾಯಸ ತರಿಸಿ, ಮುಂದಿನ ಸಲ ಗೋವಾಕ್ಕೆ ನೀವೂ ಬರಬೇಕು ಅಮ್ಮ ಅಂದರು. ಅಲ್ಲಿ ದುಡ್ಡು ಹಾಕಬೇಕಾಗ್ತದ, ನನ್ನ ನಗು ಅಷ್ಟು ತುಟ್ಟಿ ಆಗೋದು ಬ್ಯಾಡ ಎಂದು ಕೃಷ್ಣಾಬಾಯಿ ಎರಡನೆಯ ಬಟ್ಟಲಿಗೆ ಕೈ ಚಾಚಿದರು.

ಅಜ್ಜಿ ಮೊಮ್ಮಗಳು ಮನೆಗೆ ರಿಕ್ಷಾ ಹಿಡಿದರು. ಹಿಂದಿನ ಸೀಟಿನಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗುವುದನ್ನು ಕೇಳಿ ಚಾಲಕ ಏನಾಯಿತು ಎಂದು ಮರಾಠಿಯಲ್ಲಿ ವಿಚಾರಿಸಿದ. ಕೃಷ್ಣಾಬಾಯಿ ಮುಂದೆ ಬಾಗಿ ಆಟದ ನಿಯಮದಿಂದ ಶುರುಮಾಡಿ ಆಟೀನಿನ ಮೂರರವರೆಗೆ ಎಲ್ಲವನ್ನೂ ವಿವರಿಸಿದರು. ಅವನು ಕೇಳುತ್ತ ಕೇಳುತ್ತ ಅವರ ಮನೆಯ ತಿರುವು ದಾಟಿ ಎರಡು ಸಿಗ್ನಲ್ ಮುಂದೆ ಹೋಗಿದ್ದ. ಗಾಡಿಯನ್ನು ಬದಿಗೆ ನಿಲ್ಲಿಸಿ ಹಿಂದೆ ತಿರುಗಿ, ಆಜಿ, ಆ ಎಕ್ಕಗಳ ಜೋಡಿ ನನ್ನ ಕೈಯಲ್ಲಿದ್ದಿದ್ದರೆ ನಾನು ಏನು ಮಾಡಬೇಕಿತ್ತು ಎಂದು ಕೇಳಿದ.

"ಛಲೋ ಪ್ರಶ್ನೆ," ಎಂದು ಕೃಷ್ಣಾಬಾಯಿ ಮೊಮ್ಮಗಳ ಕಡೆ ತಿರುಗಿದರು. "ಪೂರ್ವಾ, ಒಂದು ಕಾಗದ ಕೊಡು."